ರಸ್ತೆಗೆ ವಿಸ್ತರಣೆ, ಸೇತುವೆಗೆ ಸೇವಾವಿಸ್ತರಣೆ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಈ ದತ್ತಿಯ ಹಿಂದಿನ ಆಹ್ವಾನ ಪತ್ರಿಕೆಗಳನ್ನು ಸಂಘಟಕರು ನನಗೆ ತೋರಿಸಿದರು. ಸಾಹಿತ್ಯ, ಇತಿಹಾಸ, ಶಿಕ್ಷಣ, ಜಾನಪದ ಎಲ್ಲ ಆಗಿಹೋಗಿವೆ. ರಸ್ತೆ, ಸೇತುವೆ ಎಂದುಕೊಂಡು ಒಬ್ಬ ನಿವೃತ್ತ ಎಂಜಿನಿಯರನನ್ನು ಕರೆದದ್ದು ಇದೇ ಮೊದಲಂತೆ. ಫೋನ್ ಮಾಡಿದವರು ಕೊನೆಗೆ, "ಸರ್, ಜನಕ್ಕೆ ಅರ್ಥವಾಗೋ ಹಾಗೆ ಮಾತಾಡಿ" ಎಂದು ಮೆಲ್ಲಗೆ ಸೇರಿಸಿದರು. ನನಗೆ ನಗು ಬಂತು. ಸೇವೆಯಲ್ಲಿದ್ದಷ್ಟು ಕಾಲ ಯಾರಿಗೂ ಅರ್ಥವಾಗದ ಹಾಗೆ ಬರೆದೇ ಸಂಬಳ ತೆಗೆದುಕೊಂಡವನು ನಾನು. ಅದಕ್ಕೊಂದು ಪ್ರಾಯಶ್ಚಿತ್ತವಾಗಲಿ ಎಂದು ಒಪ್ಪಿಕೊಂಡೆ.

ನಮ್ಮ ಕಚೇರಿಯ ಕನ್ನಡದಲ್ಲಿ 'ವಿಸ್ತರಣೆ' ಎಂಬ ಮಾತಿಗೆ ಎರಡು ಬಳಕೆ ಇದೆ. ರಸ್ತೆಯನ್ನು ಅಗಲ ಮಾಡಿದರೆ ಅದು ರಸ್ತೆ ವಿಸ್ತರಣೆ. ನಿವೃತ್ತಿಯ ವಯಸ್ಸಾದ ನೌಕರನನ್ನು ಇನ್ನೂ ಒಂದಷ್ಟು ದಿನ ಕುರ್ಚಿಯಲ್ಲಿ ಉಳಿಸಿಕೊಂಡರೆ ಅದು ಸೇವಾವಿಸ್ತರಣೆ. ಹೆದ್ದಾರಿಯ ಕೆಲಸದಲ್ಲಿ ಈ ಎರಡೂ ಒಂದೇ ಕಡತದಲ್ಲಿ ಬರುತ್ತವೆ. ರಸ್ತೆಗೆ ಮೊದಲನೆಯದು ಸಿಗುತ್ತದೆ, ಅದೇ ರಸ್ತೆಯ ಹಳೆಯ ಸೇತುವೆಗೆ ಎರಡನೆಯದು. ನಾನು ಇವತ್ತು ಹೇಳಬೇಕಾದದ್ದು ಇಷ್ಟೇ: ಮೊದಲನೆಯದನ್ನು ನಾವು ಅಳೆದು ತೂಗಿ ಕೊಡುತ್ತೇವೆ, ಎರಡನೆಯದನ್ನು ಹೆಚ್ಚು ಯೋಚಿಸದೆ ಕೊಟ್ಟುಬಿಡುತ್ತೇವೆ.

ಒಂದೇ ರಸ್ತೆ, ಮೂರು ಮಳೆಗಾಲ

2024ರ ಆಗಸ್ಟ್ 7, ನಡುರಾತ್ರಿ ಕಳೆದು ಒಂದು ಗಂಟೆಯ ಆಸುಪಾಸು. ಕಾರವಾರದ ಕೋಡಿಬಾಗಕ್ಕೂ ಆಚೆ ದಡದ ಸದಾಶಿವಗಡಕ್ಕೂ ನಡುವೆ ಕಾಳಿ ನದಿಯ ಮೇಲಿದ್ದ ಹಳೆಯ ಸೇತುವೆ ಕುಸಿಯಿತು. ಗೋವಾ ಕಡೆಯಿಂದ ಬರುತ್ತಿದ್ದ ಲಾರಿಯೊಂದು ಸೇತುವೆಯ ಜೊತೆಗೇ ನದಿಗೆ ಬಿತ್ತು. ಆ ಕತ್ತಲಲ್ಲಿ ಪೊಲೀಸರೂ ಮೀನುಗಾರರೂ ಸೇರಿ ಚಾಲಕನನ್ನು ಬದುಕಿಸಿದರು. ಹಗಲಾಗಿದ್ದರೆ ಎಷ್ಟು ವಾಹನಗಳಿರುತ್ತಿದ್ದವು ಎಂಬ ಲೆಕ್ಕವನ್ನು ಕಾರವಾರದವರು ಇವತ್ತಿಗೂ ಬಾಯಿಬಿಟ್ಟು ಹೇಳುವುದಿಲ್ಲ.

ಆ ಸೇತುವೆಗೆ ನಲವತ್ತು ದಾಟಿತ್ತು. ಪಕ್ಕದಲ್ಲೇ ಹೊಸ ಸೇತುವೆ ಇತ್ತು. ರಾಷ್ಟ್ರೀಯ ಹೆದ್ದಾರಿ 66ನ್ನು ನಾಲ್ಕು ಪಥ ಮಾಡುವಾಗ ಕಟ್ಟಿದ್ದು. ಹೋಗುವವರಿಗೆ ಹೊಸದು, ಬರುವವರಿಗೆ ಹಳೆಯದು ಎಂದು ಹಂಚಿಕೆಯಾಗಿತ್ತು. ಅಂದರೆ ರಸ್ತೆ ನಾಲ್ಕು ಪಥವಾಯಿತು, ಅದರಲ್ಲಿ ಎರಡು ಪಥದ ಭಾರ ಹಳೆಯ ಕಂಬಗಳ ಮೇಲೇ ಉಳಿಯಿತು. ಸೇತುವೆ ಬಿದ್ದ ಮೇಲೆ ಎರಡೂ ದಿಕ್ಕಿನ ವಾಹನಗಳನ್ನು ಹೊಸದರ ಮೇಲೆ ತಿರುಗಿಸಲಾಯಿತು.

ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಕಡಲಿನ ಮಗ್ಗುಲಲ್ಲೇ ಓಡುವ ಈ ರಸ್ತೆಯ ಬಹುಪಾಲಿಗೆ ಮೊದಲು 17 ಎಂಬ ಸಂಖ್ಯೆ ಇತ್ತು. ಹಳಬರು ಈಗಲೂ 'ಹದಿನೇಳು' ಎಂದೇ ಕರೆಯುತ್ತಾರೆ. ಸಹ್ಯಾದ್ರಿಯಿಂದ ಇಳಿದು ಕಡಲು ಸೇರುವ ನದಿಗಳನ್ನು ಅದು ದಾಟಬೇಕು, ಹಲವನ್ನು ಅಳಿವೆಯ ಹತ್ತಿರವೇ. ಕಾಳಿಗಿಂತ ಮೊದಲು ಇದೇ ರಸ್ತೆಯಲ್ಲಿ ಇನ್ನೆರಡು ದೊಡ್ಡ ಸೇತುವೆಗಳು ಬಿದ್ದಿವೆ. ಪಣಜಿಯ ಮಾಂಡೋವಿ ಸೇತುವೆ 1986ರ ಜುಲೈ 5ರಂದು ಬಿತ್ತು. ಅದಕ್ಕೆ ಹದಿನೈದು-ಹದಿನಾರು ವರ್ಷವಾಗಿತ್ತು ಅಷ್ಟೇ. ಒಳಗೆ ಬಿಗಿದು ಕಟ್ಟಿದ್ದ ಉಕ್ಕಿಗೆ ತುಕ್ಕು ಹಿಡಿದಿತ್ತು. ಮಹಾರಾಷ್ಟ್ರದ ಮಹಾಡದಲ್ಲಿ ಸಾವಿತ್ರಿ ನದಿಯ ಸೇತುವೆ 2016ರ ಆಗಸ್ಟ್ 2ರ ರಾತ್ರಿ ನೆರೆಯಲ್ಲಿ ಕೊಚ್ಚಿಹೋಯಿತು. ಅದು ಬ್ರಿಟಿಷರ ಕಾಲದ ಕಲ್ಲಿನ ಕಮಾನು ಸೇತುವೆ. ಎರಡು ಸಾರಿಗೆ ಬಸ್ಸುಗಳು ಪ್ರಯಾಣಿಕರ ಸಮೇತ ನೀರುಪಾಲಾದವು.

ಮಹಾಡದಲ್ಲೂ ಪಕ್ಕದಲ್ಲಿ ಹೊಸ ಸೇತುವೆ ಇತ್ತು. ಅಲ್ಲಿಯೂ ಒಂದು ದಿಕ್ಕಿಗೆ ಹೊಸದು, ಒಂದು ದಿಕ್ಕಿಗೆ ಹಳೆಯದು. ಎಂಟು ವರ್ಷದ ಮೇಲೆ ಅದೇ ರಸ್ತೆಯಲ್ಲಿ, ಅದೇ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ, ಅದೇ ನಡುರಾತ್ರಿಯಲ್ಲಿ ಕಾಳಿಯ ಮೇಲೆ ಅದೇ ಹಂಚಿಕೆಯ ಹಳೆಯ ಪಾಲು ಬಿತ್ತು. ಕಾರಣಗಳು ಬೇರೆ ಬೇರೆ ಇರಬಹುದು. ಯಾವುದಕ್ಕೂ ಈ ವೇದಿಕೆಯಿಂದ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಹಳೆಯದನ್ನು ಉಳಿಸಿಕೊಳ್ಳುವ ಆ ತೀರ್ಮಾನ ನಮ್ಮ ವರದಿಗಳಲ್ಲಿ ಹೇಗೆ ಹುಟ್ಟುತ್ತದೆ ಎಂಬುದು ಮಾತ್ರ ನನ್ನ ಕೆಲಸ. ಅದನ್ನು ಬರೆದವರಲ್ಲಿ ನಾನೂ ಒಬ್ಬ.

ಎಂಟು ಕಾರಿಗೆ ಸಮವಾದ ಎತ್ತಿನಗಾಡಿ

ಹೆದ್ದಾರಿ ಅಗಲ ಮಾಡುವ ಮೊದಲು ವಿಸ್ತೃತ ಯೋಜನಾ ವರದಿ, ಅಂದರೆ ಡಿಪಿಆರ್, ಆಗಬೇಕು. ಅದರ ಮೊದಲ ಕೆಲಸ ವಾಹನ ಎಣಿಕೆ. ಯಾವುದೋ ಒಂದು ಚಹಾದಂಗಡಿಯ ಪಕ್ಕ ಎರಡು ಕುರ್ಚಿ ಹಾಕಿ, ಏಳು ದಿನ, ದಿನಕ್ಕೆ ಇಪ್ಪತ್ತನಾಲ್ಕು ಗಂಟೆ, ಪಾಳಿಯ ಮೇಲೆ ಹುಡುಗರನ್ನು ಕೂರಿಸುತ್ತಿದ್ದೆವು. ಬೈಕು, ಕಾರು, ಬಸ್ಸು, ಲಾರಿ, ಟ್ರಾಕ್ಟರು, ಸೈಕಲ್ಲು, ಎತ್ತಿನಗಾಡಿ ಎಂದು ಹಾಳೆಯಲ್ಲಿ ಮನೆಗಳು. ಒಂದೊಂದು ವಾಹನಕ್ಕೆ ಒಂದೊಂದು ಗೆರೆ. ನಾಲ್ಕು ನೇರ ಗೆರೆ ಆದಮೇಲೆ ಐದನೆಯದು ಅಡ್ಡಗೆರೆ. ಈಗ ಕ್ಯಾಮೆರಾ ಎಣಿಸುತ್ತದೆ. ರಾತ್ರಿ ಮೂರು ಗಂಟೆಗೆ ತೂಕಡಿಸುವ ಹುಡುಗನಿಗಿಂತ ಅದು ವಾಸಿ, ಆದರೆ ಚಹಾದಂಗಡಿಯವನ ಜೊತೆ ಅದು ಮಾತಾಡುವುದಿಲ್ಲ.

ಎಣಿಸಿದ್ದನ್ನೆಲ್ಲ ಒಂದೇ ಅಳತೆಗೆ ತರಬೇಕಲ್ಲ? ಅದಕ್ಕೆ 'ಪ್ಯಾಸೆಂಜರ್ ಕಾರ್ ಯೂನಿಟ್' ಎಂಬ ಮಾನ ಇದೆ. ಕಾರು ಒಂದು. ಬೈಕು ಅರ್ಧ. ಲಾರಿ, ಬಸ್ಸು ಮೂರು. ಸೈಕಲ್ ರಿಕ್ಷಾ ಎರಡು. ಎತ್ತಿನಗಾಡಿ? ಎಂಟು! ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಒಂದು ಎತ್ತಿನಗಾಡಿ ಎಂಟು ಕಾರುಗಳಿಗೆ ಸಮ. ಗಾಡಿ ಹೊಡೆಯುವವನಿಗೆ ಇದನ್ನು ಹೇಳಿದರೆ ಮೀಸೆ ತಿರುವುತ್ತಾನೆ. ಹೀಗೆ ಕೂಡಿಸಿ, ಬಯಲು ಸೀಮೆಯ ಎರಡು ಪಥದ ರಸ್ತೆಗೆ ದಿನಕ್ಕೆ 15,000 ದಾಟಿತು ಎಂದಾದರೆ ಅದು ತುಂಬಿತು ಎಂದು ಆ ಮಾರ್ಗಸೂಚಿಯ ಲೆಕ್ಕ. ವರ್ಷಕ್ಕೆ ಶೇ. 5ರಷ್ಟು ಬೆಳೆದರೂ ಹದಿನಾಲ್ಕು ವರ್ಷದಲ್ಲಿ ವಾಹನಗಳು ಎರಡರಷ್ಟಾಗುತ್ತವೆ.

ಎಣಿಕೆ ಮುಗಿದ ಮೇಲೆ ಸರ್ವೆ, ಮಣ್ಣು ಪರೀಕ್ಷೆ, ನಕ್ಷೆ, ಭೂಸ್ವಾಧೀನ. ಹೆದ್ದಾರಿ ಕಾಯಿದೆಯ ಕಲಂಗಳು ನಮ್ಮ ಕರಾವಳಿಯ ಹಳ್ಳಿಗಳ ಅಂಗಳದಲ್ಲಿ ಮನೆಮಾತಾಗಿವೆ. "ನಿಮ್ದು ತ್ರೀ-ಎ ಆಗ್ಯದಾ, ತ್ರೀ-ಡಿ ಬಂತಾ?" ಎಂದು ಹೆಂಗಸರೂ ಕೇಳಿಕೊಳ್ಳುತ್ತಾರೆ. ಗೋಡೆಯ ಮೇಲೆ ಕೆಂಪು ಗೆರೆ ಬಿದ್ದ ಮನೆಯವರಿಗೆ ಅಗಲೀಕರಣ ಎಂದರೆ ಅಗಲಿಕೆಯೇ. ಆ ಅಧ್ಯಾಯಕ್ಕೆ ಬೇರೆಯೇ ಒಂದು ಉಪನ್ಯಾಸ ಬೇಕು. ಇಲ್ಲಿ ಗಮನಿಸಬೇಕಾದದ್ದು ಒಂದೇ. ಒಂದು ಸೈಕಲ್ಲನ್ನೂ ಬಿಡದೆ ಎಣಿಸಿದ ವರದಿ, ಒಂದು ತೆಂಗಿನ ಮರಕ್ಕೂ ಬೆಲೆ ಕಟ್ಟಿದ ವರದಿ, ಸೇತುವೆಯ ಹತ್ತಿರ ಬಂದಾಗ ಏನು ಮಾಡುತ್ತದೆ?

ತಃಖ್ತೆಯ ಕೊನೆಯ ಕಾಲಂ

ಅಲ್ಲೊಂದು ತಃಖ್ತೆ ಇರುತ್ತದೆ. ಅಡ್ಡವಾಗಿ ತಿರುಗಿಸಿ ಓದಬೇಕಾದ ದೊಡ್ಡ ಹಾಳೆ. ಎಷ್ಟನೆಯ ಕಿಲೋಮೀಟರು, ಯಾವ ಹಳ್ಳ, ಎಷ್ಟು ಕಣ್ಣು, ಎಷ್ಟು ಉದ್ದ, ಎಷ್ಟು ಅಗಲ, ಕಲ್ಲೋ ಕಾಂಕ್ರೀಟೋ. ಆರು ಮೀಟರಿನವರೆಗೆ ಮೋರಿ, ಅರವತ್ತರವರೆಗೆ ಚಿಕ್ಕ ಸೇತುವೆ, ಅದರ ಮೇಲೆ ದೊಡ್ಡದು. ಆಮೇಲೆ 'ಸ್ಥಿತಿ' ಎಂಬ ಕಾಲಂ. ಅಲ್ಲಿ ಮೇಲಿಂದ ಕೆಳಗಿನವರೆಗೆ 'ಉತ್ತಮ', 'ಸಾಧಾರಣ', 'ಉತ್ತಮ', 'ಸಾಧಾರಣ'. ಕೊನೆಯದು 'ಶಿಫಾರಸು'. ಅದರಲ್ಲಿ ಬರುವ ಮಾತು ಮೂರೇ: ಉಳಿಸಿಕೊಳ್ಳುವುದು, ಅಗಲಿಸುವುದು, ಹೊಸದಾಗಿ ಕಟ್ಟುವುದು.

ಒಂದು ಊರಿನ ಹೆಸರು ಹೇಳದೆ ನನ್ನದೇ ಕಥೆ ಹೇಳುತ್ತೇನೆ. ಕರಾವಳಿಯ ಒಂದು ಹೊಳೆ, ಅದರ ಮೇಲೊಂದು ಹಳೆಯ ಸೇತುವೆ. ತಃಖ್ತೆ ತುಂಬಲು ನಾನು ಹೋದದ್ದು ಮಾರ್ಚ್ ಕೊನೆಯಲ್ಲಿ. ಆರ್ಥಿಕ ವರ್ಷ ಮುಗಿಯುವ ಗಡಿಬಿಡಿ ನಮಗೆಲ್ಲ ಇದ್ದದ್ದೇ. ದೋಣಿಯಲ್ಲಿ ಕಂಬದ ಹತ್ತಿರ ಹೋದೆವು. ಸುತ್ತಿಗೆಯಿಂದ ತಟ್ಟಿದೆ. ಗಟ್ಟಿ ಕಾಂಕ್ರೀಟು ಠಣ್ ಎನ್ನುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಬೊದ್ದು ದನಿ, ಖಾಲಿ ಪೀಪಾಯಿ ತಟ್ಟಿದ ಹಾಗೆ. ಎಲ್ಲೋ ನಾಲ್ಕು ಕಡೆ ಬಿಟ್ಟರೆ ದನಿ ಚೆನ್ನಾಗಿತ್ತು. ದೋಣಿ ನಡೆಸುತ್ತಿದ್ದ ಅಂಬಿಗ ವಯಸ್ಸಾದವನು. ಅವನ ಕೈಯ ಗಳವನ್ನು ಕಂಬದ ಬುಡಕ್ಕೆ ಇಳಿಸಿ ಆಳ ನೋಡಿಸಿದೆ. ತಳ ಸಿಕ್ಕಿತು. ನಾನು ಬರೆದುಕೊಂಡೆ. ಅವನು ಗಳವನ್ನು ಮೇಲೆತ್ತುತ್ತಾ ಹೇಳಿದ: "ಈಗ ಸಿಕ್ತದೆ ಸಾಯ್ಬ್ರೆ. ಆಷಾಢದಲ್ಲಿ ಬನ್ನಿ, ಗಳ ಇಡೀ ಹೋದ್ರೂ ತಳ ಸಿಗೂದಿಲ್ಲ."

ನಾನು ತಲೆಯಾಡಿಸಿದೆ. ಕಚೇರಿಗೆ ಬಂದು ಸ್ಥಿತಿಯ ಕಾಲಂನಲ್ಲಿ 'ಸಾಧಾರಣ' ಎಂದೂ ಕೊನೆಯ ಕಾಲಂನಲ್ಲಿ 'ಉಳಿಸಿಕೊಳ್ಳಬಹುದು' ಎಂದೂ ಬರೆದು ಸಹಿ ಹಾಕಿದೆ.

ಗಳಕ್ಕೆ ಸಿಗದ ತಳ

ಅಂಬಿಗನ ಮಾತಿನಲ್ಲಿದ್ದ ವಿಜ್ಞಾನವನ್ನು ಬಿಡಿಸಿ ಹೇಳುತ್ತೇನೆ. ಕಡಲ ದಂಡೆಯಲ್ಲಿ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತುಕೊಳ್ಳಿ. ತೆರೆ ಹಿಂದಕ್ಕೆ ಸರಿಯುವಾಗ ಹಿಮ್ಮಡಿಯ ಸುತ್ತಲಿನ ಮರಳು ಜಾರುತ್ತದೆ, ನೀವು ಒಂದಿಷ್ಟು ಕೆಳಗಿಳಿಯುತ್ತೀರಿ. ಮಕ್ಕಳು ಇದಕ್ಕಾಗಿಯೇ ಅಲ್ಲಿ ನಿಲ್ಲುವುದು. ಸೇತುವೆಯ ಕಂಬಕ್ಕೆ ಆಗುವುದೂ ಅದೇ. ರಭಸದ ನೀರು ಕಂಬಕ್ಕೆ ಬಡಿದಾಗ ಒಂದು ಪಾಲು ಕೆಳಮುಖವಾಗಿ ತಿರುಗಿ, ಬುಡದ ಸುತ್ತ ಸುಳಿಯಾಗಿ, ಮರಳನ್ನು ಅಗೆದು ಎಸೆಯುತ್ತದೆ. ಇದಕ್ಕೆ ನಾವು ಕೊರೆತ ಎನ್ನುತ್ತೇವೆ.

ನೆರೆ ಇಳಿಯುವಾಗ ಅದೇ ನೀರು ಹೂಳನ್ನೂ ಮರಳನ್ನೂ ತಂದು ಆ ಗುಂಡಿಯನ್ನು ತುಂಬಿಬಿಡುತ್ತದೆ. ಬೇಸಿಗೆಯಲ್ಲಿ ಹೋದವನಿಗೆ ಸಪಾಟಾದ ತಳ ಕಾಣುತ್ತದೆ. ಅದು ಸಡಿಲ ಮರಳು, ಕಂಬವನ್ನು ಹಿಡಿದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಮುಂದಿನ ನೆರೆಗೆ ಎಲ್ಲಕ್ಕಿಂತ ಮೊದಲು ಹೋಗುವುದು ಅದೇ. ಸಾವಿತ್ರಿಯ ಸೇತುವೆಯನ್ನು ಅದು ಬೀಳುವ ವರ್ಷದ ಮೇ ತಿಂಗಳಲ್ಲಿ ಪರಿಶೀಲಿಸಲಾಗಿತ್ತು ಎಂದು ದುರಂತದ ನಂತರ ಮಹಾರಾಷ್ಟ್ರ ಸರ್ಕಾರವೇ ಹೇಳಿತು. ಮೇ ತಿಂಗಳ ನದಿಯೂ ಆಗಸ್ಟಿನ ನದಿಯೂ ಒಂದೇ ಅಲ್ಲ. ನಮ್ಮ ಪರಿಶೀಲನೆಯ ಕ್ಯಾಲೆಂಡರು ಮಾರ್ಚಿನ ಕಡೆ ಮುಖ ಮಾಡಿದೆ, ನದಿಯ ಕ್ಯಾಲೆಂಡರು ಆಷಾಢದ ಕಡೆ.

ಹೊಸ ಸೇತುವೆಗೆ ಕೊರೆತದ ಲೆಕ್ಕವನ್ನು ನಾವು ಚೆನ್ನಾಗಿಯೇ ಮಾಡುತ್ತೇವೆ. ನೂರು ವರ್ಷಕ್ಕೊಮ್ಮೆ ಬರಬಹುದಾದ ನೆರೆಯನ್ನು ಹಿಡಿಯುತ್ತೇವೆ. ಲೇಸಿ ಎಂಬ ಎಂಜಿನಿಯರು 1930ರಲ್ಲಿ ಕೊಟ್ಟ ಸೂತ್ರದಿಂದ ಸರಾಸರಿ ಕೊರೆತದ ಆಳ ತೆಗೆದು, ಕಂಬದ ಹತ್ತಿರ ಅದರ ಎರಡರಷ್ಟು ಎಂದು ಇಟ್ಟುಕೊಂಡು, ಅಡಿಪಾಯವನ್ನು ಅದಕ್ಕಿಂತ ಮೂರನೇ ಒಂದು ಪಾಲು ಇನ್ನೂ ಕೆಳಗೆ ಒಯ್ಯುತ್ತೇವೆ. ಆ ಸೂತ್ರ ಹುಟ್ಟಿದ್ದು ಬಯಲಿನಲ್ಲಿ ನಿಧಾನವಾಗಿ ಹರಿಯುವ ನೀರಾವರಿ ಕಾಲುವೆಗಳನ್ನು ನೋಡಿ. ನಮ್ಮ ಪಶ್ಚಿಮದ ನದಿಗಳ ಸ್ವಭಾವವೇ ಬೇರೆ. ಕಾಳಿ ಜೋಯಿಡಾದ ಕಾಡಿನಲ್ಲಿ ಹುಟ್ಟಿ ಸುಮಾರು 184 ಕಿಲೋಮೀಟರಿನಲ್ಲಿ ಕಡಲು ಸೇರಿಬಿಡುತ್ತದೆ. ಅಷ್ಟರೊಳಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು. ಅಣೆಕಟ್ಟು ಹೂಳನ್ನು ಹಿಡಿದಿಟ್ಟುಕೊಂಡರೆ ಕೆಳಗಿನ ಹೊಳೆಗೆ ಮರಳಿನ ಹಸಿವು ಹುಟ್ಟುತ್ತದೆ. ತನ್ನ ತಳವನ್ನೇ ತಿನ್ನತೊಡಗುತ್ತದೆ. ಮೇಲಿಂದ ನಾವೂ ದೋಣಿಗಟ್ಟಲೆ ಮರಳು ತೆಗೆಯುತ್ತೇವೆ. ನಲವತ್ತು ವರ್ಷದ ಹಿಂದೆ ಅಡಿಪಾಯ ಹಾಕಿದವನು ನೋಡಿದ ತಳ ಇವತ್ತಿನ ತಳವಲ್ಲ. ಹಾಗಾಗಿ ಹಳೆಯ ಸೇತುವೆಗೂ ಲೆಕ್ಕವನ್ನು ಹೊಸದಾಗಿ ಮಾಡಬೇಕು. ಆದರೆ ತಃಖ್ತೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ಉಪ್ಪು ಮತ್ತು ತೂಕ

ಇನ್ನೊಂದು ಶತ್ರು ಉಪ್ಪು. ಅಳಿವೆಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಕಂಬದ ಆ ಭಾಗ ನೆನೆಯುತ್ತದೆ, ಒಣಗುತ್ತದೆ, ಮತ್ತೆ ನೆನೆಯುತ್ತದೆ. ಉಪ್ಪು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ಒಳಗೊಳಗೇ ಹೋಗಿ ಕಬ್ಬಿಣ ಮುಟ್ಟುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು. ಜಾಗ ಸಿಗದಿದ್ದಾಗ ಕಾಂಕ್ರೀಟನ್ನು ಸೀಳಿಕೊಂಡು ಹೊರಬರುತ್ತದೆ. ಹೊರಗೆ ಕಂದು ಕಲೆ ಕಾಣುವ ಹೊತ್ತಿಗೆ ಒಳಗಿನ ಕೆಲಸ ಎಷ್ಟೋ ಮುಗಿದಿರುತ್ತದೆ. ಬಿಗಿದ ತಂತಿಗಳ ಸೇತುವೆಯಲ್ಲಿ ಕೆಲವೊಮ್ಮೆ ಕಲೆಯೂ ಕಾಣುವುದಿಲ್ಲ. ತಂತಿ ಇರುವುದು ಕೊಳವೆಯೊಳಗೆ.

ನೋಡುವ ದಾರಿಗಳು ಇವೆ. ಕಾಂಕ್ರೀಟಿನ ಚೂರನ್ನು ಕೊರೆದು ತೆಗೆದು ಅದರ ಮೇಲೆ ಫಿನಾಲ್ಫ್ತಲೀನ್ ಎಂಬ ದ್ರಾವಣ ಸಿಂಪಡಿಸಿದರೆ, ಕ್ಷಾರ ಉಳಿದಿರುವ ಕಾಂಕ್ರೀಟು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗಾಳಿಯ ಇಂಗಾಲಾಮ್ಲ ಕ್ಷಾರವನ್ನು ತಿಂದುಹಾಕಿದ ಭಾಗ ಬಣ್ಣವೇ ಏರದೆ ಬೂದು ಬೂದಾಗಿಯೇ ಉಳಿಯುತ್ತದೆ. ಹೈಸ್ಕೂಲು ಪ್ರಯೋಗಾಲಯದಲ್ಲಿ ನಾವೆಲ್ಲ ಮಾಡಿದ ಪ್ರಯೋಗವೇ ಇದು. ಗುಲಾಬಿ ಗೆರೆ ಕಂಬಿಯ ಹೊರಗಿದೆಯೋ ಒಳಕ್ಕೆ ಸರಿದಿದೆಯೋ ಎಂದು ಪಟ್ಟಿ ಹಿಡಿದು ಅಳೆದರೆ ಕಂಬಿಯ ರಕ್ಷಣೆ ಎಷ್ಟು ಉಳಿದಿದೆ ಎಂದು ಗೊತ್ತಾಗುತ್ತದೆ. ಉಪ್ಪಿನ ಪ್ರಮಾಣಕ್ಕೆ ಬೇರೆ ಪರೀಕ್ಷೆ, ತುಕ್ಕಿನ ಚಟುವಟಿಕೆಗೆ ವಿದ್ಯುತ್ ವಿಭವದ ಪರೀಕ್ಷೆ, ನೀರಿನ ಕೆಳಗೆ ಮುಳುಗುಗಾರರು, ಕೊನೆಗೆ ತೂಕ ಹೇರಿ ಬಾಗು ಅಳೆಯುವುದು. ಯಾವುದೂ ಹೊಸ ವಿದ್ಯೆಯಲ್ಲ. ವೆಚ್ಚವೂ ಯೋಜನೆಯ ಒಟ್ಟು ಅಂದಾಜಿನ ಮುಂದೆ ದೇವರ ಹುಂಡಿಗೆ ಹಾಕಿದ ಚಿಲ್ಲರೆ.

ಇನ್ನು ತೂಕ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳ ಅಚ್ಚಿನ ಮೇಲಿನ ಭಾರದ ಮಿತಿಯನ್ನು ಏರಿಸಿತು. ನಾಲ್ಕು ಚಕ್ರದ ಒಂಟಿ ಅಚ್ಚಿಗೆ 10.2 ಟನ್ ಇದ್ದದ್ದು 11.5 ಆಯಿತು, ಮೂರು ಅಚ್ಚಿನ ಲಾರಿಯ ಒಟ್ಟು ತೂಕ 25ರಿಂದ 28.5 ಟನ್ನಿಗೆ ಹೋಯಿತು. ಸಾಗಣೆಯವರಿಗೆ ಅದರಿಂದ ಅನುಕೂಲವಾಯಿತು, ಒಪ್ಪುತ್ತೇನೆ. ಆದರೆ ಆ ಅಧಿಸೂಚನೆಯ ಪ್ರತಿ ಹಳೆಯ ಸೇತುವೆಯ ತೊಲೆಗಳಿಗೆ ತಲುಪಿರಲಿಲ್ಲ. ಡಿಪಿಆರ್‌ನಲ್ಲಿ ಅಚ್ಚುಭಾರದ ಸರ್ವೆ ಇರುತ್ತದೆ. ಅದನ್ನು ದಿಕ್ಕು ನೋಡಿ ಬೇರ್ಪಡಿಸಿದರೆ ಒಂದು ಸಂಗತಿ ಕಾಣುತ್ತದೆ: ಬಂದರಿಗೋ ಕಾರ್ಖಾನೆಗೋ ಹೋಗುವ ಲಾರಿ ತುಂಬಿರುತ್ತದೆ, ಬರುವಾಗ ಖಾಲಿ. ಹಳೆಯ ಸೇತುವೆಯನ್ನು ಉಳಿಸಿಕೊಳ್ಳಲೇಬೇಕೆಂದಾದರೆ ಖಾಲಿ ದಿಕ್ಕನ್ನು ಅದಕ್ಕೆ ಕೊಡಬಹುದಲ್ಲ? ಆದರೆ ಹೊಸ ಸೇತುವೆ ಯಾವ ಮಗ್ಗುಲಿಗೆ ಬರಬೇಕೆಂದು ತೀರ್ಮಾನಿಸುವುದು ಸಾಮಾನ್ಯವಾಗಿ ಜಾಗ ಎಲ್ಲಿ ಸಿಕ್ಕಿತು ಎಂಬುದು. ಅಚ್ಚುಭಾರದ ಸರ್ವೆ ರಸ್ತೆಯ ಡಾಂಬರಿನ ದಪ್ಪ ನಿರ್ಧರಿಸಿ ಅಲ್ಲಿಗೇ ನಿವೃತ್ತವಾಗುತ್ತದೆ.

ಮೂರು ರೂಪಾಯಿ ಮೂವತ್ತನಾಲ್ಕು ಪೈಸೆ

ಇಷ್ಟೆಲ್ಲ ಗೊತ್ತಿದ್ದೂ ಕೊನೆಯ ಕಾಲಂನಲ್ಲಿ 'ಉಳಿಸಿಕೊಳ್ಳಬಹುದು' ಎಂದು ಯಾಕೆ ಬೀಳುತ್ತದೆ? ಎಂಜಿನಿಯರು ಸೋಮಾರಿ ಎಂದು ಬೈದು ಕೈತೊಳೆದುಕೊಳ್ಳುವುದು ಸುಲಭ. ಅದಕ್ಕಿಂತ ಆಳದಲ್ಲಿ ಒಂದು ಗಣಿತ ಕೂತಿದೆ.

ಯೋಜನೆ ಲಾಭದಾಯಕವೋ ಅಲ್ಲವೋ ಎಂದು ನೋಡುವಾಗ ಮುಂದಿನ ವರ್ಷಗಳ ಖರ್ಚನ್ನೂ ಉಳಿತಾಯವನ್ನೂ ಇವತ್ತಿನ ಬೆಲೆಗೆ ಇಳಿಸುತ್ತೇವೆ. ನಮ್ಮಲ್ಲಿ ರೂಢಿಯಲ್ಲಿರುವ ದರ ಶೇ. 12. ಮೂವತ್ತು ವರ್ಷದ ಮೇಲೆ ನೂರು ರೂಪಾಯಿ ಖರ್ಚು ಬರುತ್ತದೆ ಎನ್ನಿ. ಶೇ. 12ರಲ್ಲಿ ಇಳಿಸಿದರೆ ಇವತ್ತಿನ ಲೆಕ್ಕಕ್ಕೆ ಅದು ಮೂರು ರೂಪಾಯಿ ಮೂವತ್ತನಾಲ್ಕು ಪೈಸೆ. ಹೊಸ ಸೇತುವೆಗೆ ಇವತ್ತು ನೂರು ಕೊಡಬೇಕು. ಹಳೆಯದರಲ್ಲೇ ದಿನ ತಳ್ಳಿದರೆ ಆ ನೂರು ಮುಂದಕ್ಕೆ ಹೋಗುತ್ತದೆ, ಹೋದಷ್ಟೂ ಚಿಕ್ಕದಾಗುತ್ತದೆ. ಕಾಗದದ ಮೇಲೆ ಸೇವಾವಿಸ್ತರಣೆ ಯಾವಾಗಲೂ ಲಾಭ. ಪ್ರಯಾಣದ ಸಮಯ ಹತ್ತು ನಿಮಿಷ ಉಳಿದದ್ದಕ್ಕೆ ಅಲ್ಲಿ ಬೆಲೆ ಇದೆ. ಸೇತುವೆ ನಿಂತುಹೋದರೆ ಎರಡು ದಡದ ಊರುಗಳು ಎಷ್ಟು ಕಳೆದುಕೊಳ್ಳುತ್ತವೆ ಎಂಬುದಕ್ಕೆ ಒಂದು ಸಾಲೂ ಇಲ್ಲ. 1986ರಲ್ಲಿ ಮಾಂಡೋವಿ ಸೇತುವೆ ಬಿದ್ದಾಗ ಪಕ್ಕದಲ್ಲಿ ಇನ್ನೊಂದಿರಲಿಲ್ಲ. ರಾಜಧಾನಿಯ ಜನ ದೋಣಿಗೆ ಸಾಲುಗಟ್ಟಿದರು. ಕಾರವಾರಕ್ಕೆ ಆ ಪಾಡು ಬರಲಿಲ್ಲ, ಹೊಸ ಸೇತುವೆ ನಿಂತಿತ್ತು. 

ಇದು ಸೇತುವೆಗೆ ಮಾತ್ರ ಸೀಮಿತವಲ್ಲ. ಕಾಳಿಗಿಂತ ಇಪ್ಪತ್ತೆರಡು ದಿನ ಮೊದಲು, 2024ರ ಜುಲೈ 16ರಂದು, ಅದೇ ಹೆದ್ದಾರಿಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಜನ ಸತ್ತರು. ಗುಡ್ಡದ ಬುಡ ಕೊರೆದಾಗ ಸಿಗುವ ಜಾಗಕ್ಕೆ ಇವತ್ತೇ ಬೆಲೆ ಇದೆ. ಇಳಿಜಾರನ್ನು ಕಾಯುವ ಖರ್ಚು ಮುಂದಿನ ವರ್ಷಗಳದ್ದು, ಅದು ಪೈಸೆಗೆ ಇಳಿಯುತ್ತದೆ.

ಗೌರವದ ನಿವೃತ್ತಿ

ಹಾಗಾದರೆ ಹಳೆಯದನ್ನೆಲ್ಲ ಒಡೆಯಬೇಕೇ? ಬೇಡ. ಶ್ರೀರಂಗಪಟ್ಟಣಕ್ಕೆ ಹೋದಾಗ ವೆಲ್ಲೆಸ್ಲಿ ಸೇತುವೆ ನೋಡಿ ಬನ್ನಿ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಾವೇರಿಗೆ ಕಟ್ಟಿಸಿದ್ದು. ಕಲ್ಲಿನ ಕಂಬ, ಕಂಬದ ತಲೆಯ ಮೇಲೆ ಕಲ್ಲಿನ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ. ನಮ್ಮ ದೇವಸ್ಥಾನದ ಮಂಟಪವನ್ನೇ ಹೊಳೆಯಲ್ಲಿ ಸಾಲಾಗಿ ನಿಲ್ಲಿಸಿದ ಹಾಗೆ. ಕಬ್ಬಿಣವಿಲ್ಲ, ತುಕ್ಕೂ ಇಲ್ಲ. ಎರಡು ಶತಮಾನದ ನೆರೆ ಕಂಡು ನಿಂತಿದೆ. ಭಾರದ ವಾಹನಗಳಿಗೆ ಬೇರೆ ಸೇತುವೆ ಕಟ್ಟಿ ಅದಕ್ಕೆ ವಿಶ್ರಾಂತಿ ಕೊಟ್ಟಿದ್ದೇವೆ. ಅದು ಗೌರವದ ನಿವೃತ್ತಿ.

ಗೋವಾದ ಜುವಾರಿಯಲ್ಲಿ ಇನ್ನೊಂದು ಬಗೆ. 1983ರ ಹಳೆಯ ಸೇತುವೆ ದಣಿದಿದೆ ಎಂದು ಗೊತ್ತಾದಾಗ ಭಾರಿ ವಾಹನಗಳನ್ನು ಅದರ ಮೇಲೆ ಬಿಡುವುದನ್ನು ನಿಲ್ಲಿಸಿದರು. ಹೊಸದನ್ನು ಒಂದು ದಿಕ್ಕಿಗೆ ಮಾತ್ರ ಕಟ್ಟಿ ಕೈಬಿಡಲಿಲ್ಲ. ಎರಡೂ ದಿಕ್ಕಿಗೆ ಬೇಕಾದ ಎಂಟು ಪಥದ, ಕೇಬಲ್‌ಗಳಿಂದ ತೂಗುವ ಸೇತುವೆ ಕಟ್ಟಿದರು. ಮೊದಲ ಪಾಲು 2022ರ ಡಿಸೆಂಬರಿನಲ್ಲಿ, ಎರಡನೆಯದು ಮರುವರ್ಷದ ಡಿಸೆಂಬರಿನಲ್ಲಿ ತೆರೆಯಿತು. ಖರ್ಚು ಹೆಚ್ಚಾಯಿತು. ಆದರೆ ಹಳೆಯದಕ್ಕೆ ಭಾರ ಹೊರುವ ಕೆಲಸ ಉಳಿಯಲಿಲ್ಲ.

ಸಾವಿತ್ರಿಯ ದುರಂತದ ಬಳಿಕ 2016ರಲ್ಲೇ ಕೇಂದ್ರ ಸರ್ಕಾರ ಸೇತುವೆಗಳ ನಿರ್ವಹಣೆಗೆ ಒಂದು ರಾಷ್ಟ್ರೀಯ ವ್ಯವಸ್ಥೆ ಆರಂಭಿಸಿತು. ರಾಷ್ಟ್ರೀಯ ಹೆದ್ದಾರಿಗಳ ಮೇಲೆ ಒಟ್ಟು 1,72,517 ಸೇತುವೆ-ಮೋರಿಗಳನ್ನು ಪಟ್ಟಿ ಮಾಡಲಾಯಿತು. ಅದರಲ್ಲಿ 1,34,229 ಮೋರಿಗಳೇ. ಒಳ್ಳೆಯ ಕೆಲಸ. ಆದರೆ ಜನಗಣತಿ ಮಾಡಿದ ಮಾತ್ರಕ್ಕೆ ರೋಗ ವಾಸಿಯಾಗುವುದಿಲ್ಲ. ಪಟ್ಟಿಯಾಗಿ ಸುಮಾರು ಎಂಟು ವರ್ಷಕ್ಕೆ ಕಾಳಿಯ ಸೇತುವೆ ಬಿತ್ತು.

ನನ್ನ ಕೆಲವು ಬೇಡಿಕೆಗಳನ್ನು ಹೇಳಿ ಮುಗಿಸುತ್ತೇನೆ.

ಒಂದು, ಹೆದ್ದಾರಿ ಅಗಲಿಸುವ ಯಾವ ವರದಿಯಲ್ಲೂ ದೊಡ್ಡ ಹಳೆಯ ಸೇತುವೆ ಒಂದು ಸಾಲಾಗಿ ಬರಬಾರದು. ಅದಕ್ಕೆ ಪ್ರತ್ಯೇಕ ವರದಿ ಇರಲಿ: ಉಪ್ಪಿನ ಪರೀಕ್ಷೆ, ನೀರಿನ ಕೆಳಗಿನ ಪರೀಕ್ಷೆ, ಇವತ್ತಿನ ತಳಕ್ಕೆ ಇವತ್ತಿನ ಕೊರೆತದ ಲೆಕ್ಕ, ಇವತ್ತಿನ ಲಾರಿಗೆ ಇವತ್ತಿನ ಭಾರದ ಲೆಕ್ಕ. ಪಕ್ಕದಲ್ಲಿ ಹೊಸ ಕಂಬ ಇಳಿಸಿದಾಗ ನೀರಿನ ದಾರಿ ಬದಲಾಗಿ ಹಳೆಯ ಕಂಬದ ಬುಡಕ್ಕೆ ಏನಾಗುತ್ತದೆ ಎಂಬುದೂ ಅದರಲ್ಲಿ ಇರಲಿ.

ಎರಡು, 'ಉಳಿಸಿಕೊಳ್ಳಬಹುದು' ಎಂದು ಬರೆಯುವವನು 'ಎಲ್ಲಿಯವರೆಗೆ' ಎಂದೂ ಬರೆಯಲಿ. ನೌಕರನಿಗೆ ಸೇವಾವಿಸ್ತರಣೆ ಕೊಡುವ ಆದೇಶದಲ್ಲಿ ಕೊನೆಯ ದಿನಾಂಕ ಇದ್ದೇ ಇರುತ್ತದೆ. ಸರ್ಕಾರ ನನ್ನನ್ನು ಅರವತ್ತಕ್ಕೆ ಸರಿಯಾಗಿ, ಒಂದು ದಿನ ಹೆಚ್ಚು ಇಟ್ಟುಕೊಳ್ಳದೆ, ಹಾರ ಹಾಕಿ ಮನೆಗೆ ಕಳಿಸಿತು. ಉಪ್ಪುನೀರಿನಲ್ಲಿ ನಿಂತವನಿಗೂ ಆ ಶಿಸ್ತು ಸಲ್ಲಬೇಕು.

ಮೂರು, ಸೇತುವೆಯ ಎರಡೂ ತುದಿಗೆ ಒಂದು ಫಲಕ. ಕಟ್ಟಿದ ವರ್ಷ, ಹೊರಬಹುದಾದ ಭಾರ, ಕೊನೆಯ ಸಲ ನೀರಿನ ಕೆಳಗೆ ಇಳಿದು ನೋಡಿದ ದಿನಾಂಕ, ಮುಂದಿನ ದಿನಾಂಕ. ಕನ್ನಡದಲ್ಲಿ. ಲಿಫ್ಟಿನೊಳಗೆ, ಅಡುಗೆ ಅನಿಲದ ಸಿಲಿಂಡರಿನ ಮೇಲೆ ಇರುವ ಮಾಹಿತಿ ಸೇತುವೆಯ ಮೇಲೆ ಯಾಕಿಲ್ಲ? ಪರಿಸರ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದು 2006ರ ಅಧಿಸೂಚನೆ ಹೇಳುತ್ತದೆ. ಎಂಜಿನಿಯರಿಂಗ್ ವರದಿಗೆ ಆ ಕಟ್ಟುಪಾಡಿಲ್ಲ. ಕನ್ನಡದಲ್ಲಿ ಬರೆದಿದ್ದರೆ ನನ್ನ ತಃಖ್ತೆಯನ್ನು ಆ ಅಂಬಿಗ ಯಾರಿಂದಲಾದರೂ ಓದಿಸಿಕೊಂಡು, "ಇದು ಮಾರ್ಚ್ ತಿಂಗಳ ಆಳ" ಎಂದು ತಿದ್ದುತ್ತಿದ್ದ.

ಆ ಸೇತುವೆ ಬೀಳಲಿಲ್ಲ. ನಾನು ಸಹಿ ಹಾಕಿದ ಕೆಲವು ವರ್ಷದ ಮೇಲೆ, ಒಂದು ಮಳೆಗಾಲ ಮುಗಿದಾಗ, ಅದರ ಕೈಪಿಡಿಗೋಡೆಯ ಗೆರೆ ನೇರವಾಗಿಲ್ಲ ಎಂದು ಮೊದಲು ಕಂಡದ್ದು ಎಂಜಿನಿಯರಿಗಲ್ಲ. ದಿನಾ ಬಸ್ಸಿನಲ್ಲಿ ದಾಟುತ್ತಿದ್ದ ಕಾಲೇಜು ಹುಡುಗರಿಗೆ. ಒಂದು ಕಂಬ ಎರಡು ಇಂಚು ಇಳಿದಿತ್ತು. ವಾಹನ ನಿಲ್ಲಿಸಿದರು, ಯಾರಿಗೂ ಏನೂ ಆಗಲಿಲ್ಲ. ನನ್ನ ಮೇಲೆ ಯಾರೂ ಪ್ರಶ್ನೆ ಎತ್ತಲಿಲ್ಲ. ಕಡತದಲ್ಲಿ ಎಲ್ಲ ಸರಿಯಾಗಿತ್ತು. ಮಾರ್ಚಿನಲ್ಲಿ ಅಳೆದ ಆಳ ಮಾರ್ಚಿಗೆ ಸರಿಯೇ.

"ಆಷಾಢದಲ್ಲಿ ಬನ್ನಿ" ಎಂದು ಅವನು ಕರೆದಿದ್ದ. ನಾನು ಹೋಗಲಿಲ್ಲ. ಇಲ್ಲಿ ಹಿಂದಿನ ಸಾಲುಗಳಲ್ಲಿ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಕೂತಿದ್ದೀರಿ. ನಿಮ್ಮ ಕೈಗೂ ಒಂದು ದಿನ ಆ ಅಡ್ಡ ಹಾಳೆ ಬರುತ್ತದೆ. ಕೊನೆಯ ಕಾಲಂ ತುಂಬುವ ಮೊದಲು ಒಂದು ಮಳೆಗಾಲ ಕಾಯಿರಿ, ದೋಣಿ ಮಾಡಿಕೊಂಡು ಹೋಗಿ, ಗಳ ಇಳಿಸಿ ನೋಡಿ.